ಕಾರಿನ ಸೈಲೆನ್ಸರ್ ಮಾರ್ಪಾಡು: ದಂಡ ಮಾಲೀಕನಿಗೆ, ಅಂಗಡಿಗೆ ಏನೂ ಇಲ್ಲವೇ?

ಮಾನ್ಯ ಸಂಪಾದಕರೇ,

ಕರ್ಕಶ ಸದ್ದಿನ ಸೈಲೆನ್ಸರ್‌ಗಳ ಮಾತು ಬಂದಾಗಲೆಲ್ಲ ಎಲ್ಲರ ಗಮನ ಬೈಕುಗಳ ಕಡೆಗೇ ಹೋಗುತ್ತದೆ. ಕಳಚಿಸಿದ ಬೈಕ್ ಸೈಲೆನ್ಸರ್‌ಗಳನ್ನು ರಸ್ತೆಯ ಮೇಲೆ ಸಾಲಾಗಿಟ್ಟು ರೋಡ್ ರೋಲರ್ ಹರಿಸುವ ಚಿತ್ರಗಳನ್ನು ರಾಜ್ಯದ ಹಲವು ಊರುಗಳಿಂದ ಬಂದ ವರದಿಗಳಲ್ಲಿ ನೋಡಿದ್ದೇವೆ. ಆದರೆ ದಾವಣಗೆರೆಯ ಹದಡಿ ರಸ್ತೆ, ಶಾಮನೂರು ರಸ್ತೆಗಳಲ್ಲಿ ರಾತ್ರಿ ಹತ್ತರ ನಂತರ ಪಟಾಕಿ ಸಿಡಿದಂತೆ ಸದ್ದು ಮಾಡುತ್ತ ಹೋಗುವ ಕಾರುಗಳ ಬಗ್ಗೆ ಅಷ್ಟು ಮಾತಿಲ್ಲ. ಮೋಟಾರ್ ಮೆಕ್ಯಾನಿಕ್ ವಿಭಾಗದ ಬೋಧಕನಾಗಿ ನಿವೃತ್ತನಾದ ನನಗೆ ಈ ಮೌನ ಸರಿಯೆನಿಸುವುದಿಲ್ಲ. ಏಕೆಂದರೆ ಕಾರಿನಲ್ಲಿ ಸೈಲೆನ್ಸರ್ ಬದಲಾಯಿಸುವುದೆಂದರೆ ಬಹಳಷ್ಟು ಸಲ ಸದ್ದನ್ನು ಹೆಚ್ಚಿಸುವುದಷ್ಟೇ ಅಲ್ಲ, ಹೊಗೆ ಶುದ್ಧ ಮಾಡುವ ಭಾಗವನ್ನೇ ಕತ್ತರಿಸಿ ತೆಗೆಯುವುದೂ ಆಗಿರುತ್ತದೆ.

ಕಾನೂನಿನಲ್ಲಿ ಗೊಂದಲವೇನೂ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 120ನೇ ನಿಯಮದಂತೆ, ಎಂಜಿನ್ನಿನಿಂದ ಹೊರಬರುವ ಅನಿಲದ ಸದ್ದನ್ನು ಸಾಧ್ಯವಾದಷ್ಟು ತಗ್ಗಿಸುವ ಸೈಲೆನ್ಸರ್ ಪ್ರತಿ ಮೋಟಾರು ವಾಹನದಲ್ಲೂ ಇರಲೇಬೇಕು. ಹೊಸದಾಗಿ ತಯಾರಾಗುವ ಪ್ರಯಾಣಿಕ ಕಾರಿನ ಸದ್ದು ನಿಗದಿತ ಪರೀಕ್ಷೆಯಲ್ಲಿ 74 ಡೆಸಿಬೆಲ್ ಮೀರಬಾರದೆಂಬುದು 2005ರಿಂದ ಜಾರಿಯಲ್ಲಿರುವ ಮಿತಿ. ಹೊಗೆ ಕೊಳವೆಯು ಇಂಧನದ ಪೈಪಿಗೆ 35 ಮಿಲಿಮೀಟರ್‌ಗಿಂತ ಹತ್ತಿರ ಇರಕೂಡದೆಂದು 113ನೇ ನಿಯಮ ಹೇಳುತ್ತದೆ. ಕಾರನ್ನು ಜ್ಯಾಕ್ ಮೇಲೆ ಎತ್ತಿ, ಹಳೆಯ ಪೈಪನ್ನು ಗ್ರೈಂಡರಿನಿಂದ ಕೊಯ್ದು, ಅಂದಾಜಿನಲ್ಲಿ ಹೊಸ ಪೈಪು ಬೆಸೆಯುವ ಜಾಗದಲ್ಲಿ ಈ ಅಳತೆಯನ್ನು ಯಾರು ನೋಡುತ್ತಾರೆ? ಪೂರ್ಣ ಬಿಸಿಯಾದ ಪೈಪಿನ ಪಕ್ಕದಲ್ಲಿ ಪೆಟ್ರೋಲ್ ಹರಿಯುತ್ತಿರುತ್ತದೆ ಎಂಬುದನ್ನು ಕಾರಿನೊಳಗೆ ಕೂರುವವರಾದರೂ ಯೋಚಿಸಬೇಕು.

‘ಆರ್‌ಸಿ ಪುಸ್ತಕದಲ್ಲಿ ಸೈಲೆನ್ಸರಿನ ವಿವರವೇ ಇಲ್ಲ, ಹಾಗಾಗಿ ಬದಲಾಯಿಸಿದರೆ ತಪ್ಪಾಗುವುದಿಲ್ಲ’ ಎಂಬ ವಾದವನ್ನು ಯುವಕರ ಬಾಯಲ್ಲಿ ಆಗಾಗ ಕೇಳುತ್ತೇನೆ. ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸಬಾರದು ಎನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನಷ್ಟೇ ಓದಿದವರಿಗೆ ಆ ವಾದ ಹಿಡಿಸಬಹುದು. ಆದರೆ 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ ನಾಲ್ಕನೇ ಉಪಕಲಂ ಆರ್‌ಸಿಯ ಮಾತನ್ನೇ ಎತ್ತುವುದಿಲ್ಲ. ಕಾಯ್ದೆ ಮತ್ತು ನಿಯಮಗಳು ಒಪ್ಪದ ರೀತಿಯಲ್ಲಿ ಬಿಡಿಭಾಗ ಅಳವಡಿಸಿ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ಅದು ವಿಧಿಸುತ್ತದೆ. ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಿದರೆ 190(2)ನೇ ಕಲಮಿನಡಿ ಮೊದಲ ಸಲವೇ ಮೂರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಜೊತೆಗೆ ಚಾಲನಾ ಪರವಾನಗಿಗೆ ಮೂರು ತಿಂಗಳ ಅನರ್ಹತೆ. ಮಗನ ಒತ್ತಾಯಕ್ಕೆ ಮಣಿದು ತನ್ನ ಹೆಸರಿನ ಕಾರಿಗೆ ಇಂಥ ಕೆಲಸ ಮಾಡಿಸಲು ಒಪ್ಪುವ ತಂದೆ, ಮಾಲೀಕನೆಂದು ಉತ್ತರ ಕೊಡಬೇಕಾದವನು ತಾನೇ ಎಂಬುದನ್ನು ಗಮನಿಸಬೇಕು.

ಇನ್ನು ಹೊಗೆಯ ವಿಷಯ. ಈಗಿನ ಪೆಟ್ರೋಲ್ ಕಾರುಗಳಲ್ಲಿ ಎಂಜಿನ್ನಿಗೆ ಹತ್ತಿರವಾಗಿಯೇ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಅದರೊಳಗಿನ ಜೇನುಗೂಡಿನಂಥ ಹಂದರಕ್ಕೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳುವಾದ ಲೇಪನವಿದ್ದು, ಎಂಜಿನ್ನಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್, ಉರಿಯದೆ ಉಳಿದ ಇಂಧನದ ಅಂಶ ಮತ್ತು ಸಾರಜನಕದ ಆಕ್ಸೈಡುಗಳು ಅಲ್ಲಿ ಬಹುಮಟ್ಟಿಗೆ ನಿರಪಾಯಕಾರಿ ಅನಿಲಗಳಾಗಿ ಬದಲಾಗುತ್ತವೆ. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಜಾರಿಗೆ ಬಂದ, ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ಮಾನದಂಡವನ್ನು ಇದಿಲ್ಲದೆ ಮುಟ್ಟಲು ಸಾಧ್ಯವಿಲ್ಲ. ‘ಸ್ಟ್ರೈಟ್ ಪೈಪ್’, ಅಂದರೆ ನಡುವೆ ತಡೆಯಿಲ್ಲದ ನೇರ ಕೊಳವೆ ಹಾಕಿಸುವವರು ಸದ್ದು ತಗ್ಗಿಸುವ ಮಫ್ಲರಿನ ಜೊತೆಗೆ ಕನ್ವರ್ಟರನ್ನೂ ತೆಗೆಸುತ್ತಾರೆ. ಆಗ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಎಚ್ಚರಿಕೆ ದೀಪ ಹೊತ್ತಿಕೊಳ್ಳುತ್ತದೆ. ಅದನ್ನು ಆರಿಸಲು ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರನ್ನು ಹೊಗೆಯ ಹರಿವಿನಿಂದ ದೂರ ಸರಿಸುವ ಒಂದು ಚಿಕ್ಕ ಸ್ಪೇಸರ್ ಕೂರಿಸಿ ಕಾರಿನ ಕಂಪ್ಯೂಟರಿಗೇ ಮೋಸ ಮಾಡುತ್ತಾರೆ. ಒಂದು ಕಡೆ ನಾನೇ ನೋಡಿದಂತೆ, ಕೊಯ್ದು ತೆಗೆದ ಮೂಲ ಭಾಗವನ್ನು ಗೋಣಿಚೀಲದಲ್ಲಿ ಸುತ್ತಿ ಮಾಲೀಕನ ಕೈಗಿತ್ತು, ‘ಎಮಿಷನ್ ಟೆಸ್ಟಿಗೆ ಹೋಗುವಾಗ ತನ್ನಿ, ಹಾಕಿಕೊಡುತ್ತೇವೆ’ ಎಂದು ಹೇಳಿ ಕಳುಹಿಸಿದರು. ಹಾಗೆ ಪಡೆದ ಪ್ರಮಾಣಪತ್ರ ಅವಧಿ ಮುಗಿಯುವವರೆಗೂ ನಡೆಯುತ್ತದೆ. ಅಲ್ಲದೆ ಎಮಿಷನ್ ಪರೀಕ್ಷೆ ಅಳೆಯುವುದು ಹೊಗೆಯನ್ನು, ಸದ್ದನ್ನಲ್ಲ. ಪ್ರಮಾಣಪತ್ರ ತೋರಿಸಿ ‘ಎಲ್ಲ ಸರಿಯಿದೆ’ ಎನ್ನುವವರಿಗೆ ಸದ್ದಿನ ಬಗ್ಗೆ ಆ ಕಾಗದ ಏನನ್ನೂ ಹೇಳುವುದಿಲ್ಲವೆಂದು ತಿಳಿಸಬೇಕಾಗಿದೆ.

ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿ. ಮಾಲೀಕನಿಗೆ ಶಿಕ್ಷೆ ಇದೆ. ನಿಯಮ ಮೀರಿದ ವಾಹನವನ್ನು ಮಾರುವ ಅಥವಾ ಹಾಗೆ ಮಾರ್ಪಡಿಸುವ ತಯಾರಕ, ಆಮದುದಾರ ಮತ್ತು ವಾಹನ ಡೀಲರಿಗೆ ಅದೇ 182ಎ ಕಲಂ ಒಂದು ವರ್ಷದವರೆಗೆ ಸೆರೆವಾಸ ಅಥವಾ ವಾಹನವೊಂದಕ್ಕೆ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ಹೇಳುತ್ತದೆ. ಇವರ ನಡುವೆ ನಿಂತು, ತಪ್ಪೆಂದು ಗೊತ್ತಿದ್ದೂ ಕೊಯ್ದು ಬೆಸೆದು ಕೊಡುವ ಅಂಗಡಿಯವನ ಹೆಸರು ಇಲ್ಲಿ ನೇರವಾಗಿ ಕಾಣುವುದಿಲ್ಲ. ಹೀಗಾಗಿ ಒಂದು ಪೈಪನ್ನು ಜಪ್ತಿ ಮಾಡಿದ ವಾರದಲ್ಲೇ ಅದೇ ಅಂಗಡಿಯಲ್ಲಿ ಮತ್ತೊಂದು ಕಾರು ಜ್ಯಾಕ್ ಏರಿರುತ್ತದೆ. ಅಂಗಡಿಗಳಿಗೆ ಉದ್ದಿಮೆ ಪರವಾನಗಿ ಕೊಡುವುದು ಮಹಾನಗರ ಪಾಲಿಕೆ. ಮೂಲ ಸೈಲೆನ್ಸರ್ ಮತ್ತು ಕನ್ವರ್ಟರ್ ಕಳಚಿ ಬೇರೆಯದನ್ನು ಹಾಕುವಂತಿಲ್ಲ ಎಂಬ ಷರತ್ತನ್ನು ಗ್ಯಾರೇಜು ಮತ್ತು ಕಾರ್ ಡೆಕೋರ್ ಅಂಗಡಿಗಳ ಪರವಾನಗಿಯಲ್ಲಿ ಸೇರಿಸಿ, ಮೀರಿದವರ ಪರವಾನಗಿ ನವೀಕರಿಸದಿರುವ ಬಗ್ಗೆ ಪಾಲಿಕೆ, ಪೊಲೀಸ್ ಇಲಾಖೆ ಮತ್ತು ಪ್ರಾದೇಶಿಕ ಸಾರಿಗೆ ಕಚೇರಿ ಒಟ್ಟಿಗೆ ಕುಳಿತು ತೀರ್ಮಾನಿಸಬೇಕೆಂದು ಕೋರುತ್ತೇನೆ.

ಶಬ್ದಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಮಿತಿ 45 ಡೆಸಿಬೆಲ್. ನಿಶ್ಶಬ್ದ ವಲಯವೆಂದು ಘೋಷಿಸಿದ ಆಸ್ಪತ್ರೆಯ ಸುತ್ತಮುತ್ತ 40. ನಮ್ಮ ಊರಿಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆಗಳನ್ನು ನಂಬಿಕೊಂಡು ಹಳ್ಳಿಗಳಿಂದ ಜನ ಬರುತ್ತಾರೆ. ರೋಗಿಯ ಕಡೆಯವರು ಚಾಪೆ ಹಾಸಿ ಹೊರಗೆ ಮಲಗಿರುವಾಗ ಮುಂದಿನ ರಸ್ತೆಯಲ್ಲಿ ಇಂಥ ಕಾರೊಂದು ಹಾದುಹೋದರೆ ಸಾಲಾಗಿ ಎಲ್ಲರೂ ಎದ್ದು ಕೂರುವುದನ್ನು ಕಂಡಿದ್ದೇನೆ. ತಪಾಸಣೆ ಆರಂಭಿಸುವುದಿದ್ದರೆ ಆ ರಸ್ತೆಗಳಿಂದ, ಅದೂ ರಾತ್ರಿ ವೇಳೆಯಲ್ಲಿ ಆರಂಭಿಸಲಿ.

ತಪಾಸಣೆ ಮಾಡುವವರಲ್ಲಿಯೂ ಒಂದು ವಿನಂತಿ. ಕಿವಿಗೆ ಜೋರೆನಿಸಿತೆಂದು ಮಾತ್ರ ದಂಡ ಹಾಕಿದರೆ ವಾಗ್ವಾದ ತಪ್ಪುವುದಿಲ್ಲ. ಕಾರಿನ ಕೆಳಗೆ ಬಗ್ಗಿ ನೋಡಿದರೆ ಕನ್ವರ್ಟರ್ ಇದೆಯೋ ಇಲ್ಲವೋ, ಪೈಪಿನಲ್ಲಿ ಕೊಯ್ದು ಬೆಸೆದ ಗುರುತಿದೆಯೋ ಎಂಬುದನ್ನು, ವಿಷಯ ಬಲ್ಲ ಮೋಟಾರು ವಾಹನ ನಿರೀಕ್ಷಕರು ಕೂಡಲೇ ಹೇಳಬಲ್ಲರು. ಅವರನ್ನು ಜೊತೆಗೆ ಕರೆದೊಯ್ಯಲಿ. ತುಕ್ಕು ಹಿಡಿದು ತೂತಾದ ಹಳೆಯ ಸೈಲೆನ್ಸರಿನಿಂದ ಸದ್ದು ಬರುತ್ತಿರುವ ಬಡ ಟ್ಯಾಕ್ಸಿ ಚಾಲಕನನ್ನೂ, ಹಣ ಕೊಟ್ಟು ಸದ್ದು ಕೊಂಡವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮೊದಲನೆಯವನಿಗೆ ಅದೇ ಮಾದರಿಯ, ಅದೇ ಗುಣಮಟ್ಟದ ಭಾಗ ಹಾಕಿಸಿಕೊಂಡು ಬರಲು ಕೆಲವು ದಿನಗಳ ಕಾಲಾವಕಾಶ ಸಾಕು; ಎರಡನೆಯವನಿಂದ ದಂಡ ಕಟ್ಟಿಸಿಕೊಳ್ಳುವುದರ ಜೊತೆಗೆ, ಮೂಲ ಸೈಲೆನ್ಸರ್ ಮತ್ತು ಕನ್ವರ್ಟರನ್ನು ಮರಳಿ ಜೋಡಿಸಿದ್ದನ್ನು ನಿರೀಕ್ಷಕರು ಕಣ್ಣಾರೆ ನೋಡಿದ ಮೇಲೆಯೇ ಕಾರನ್ನು ರಸ್ತೆಗೆ ಬಿಡಬೇಕು.

— ನಿವೃತ್ತ ಐಟಿಐ ಬೋಧಕ, ವಿದ್ಯಾನಗರ, ದಾವಣಗೆರೆ