‘ಮತ್ತು ಸಂಗಡಿಗರು’ ಅಂದರೆ ಯಾರು?

ಮಾನ್ಯ ಸಂಪಾದಕರೇ,

ಹದಿನೈದು ದಿನದ ಹಿಂದೆ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಗೀಗೀ ಮೇಳದ ಫೋಟೊ ಬಂದಿತ್ತು. ಜಾತ್ರೆಯ ರಾತ್ರಿ ತೆಗೆದದ್ದು. ವೇದಿಕೆಯ ಮೇಲೆ ಐದು ಜನ ಇದ್ದಾರೆ. ಕೆಳಗೆ ಒಬ್ಬರ ಹೆಸರು, ಆಮೇಲೆ ‘ಮತ್ತು ಸಂಗಡಿಗರು’. ಉಳಿದ ನಾಲ್ವರು ಯಾರು ಅಂತ ಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ತುಂತುಣಿ ಹಿಡಿದವರ ಅರ್ಧ ಮುಖ ಮೈಕಿನ ಹಿಂದೆ ಹೋಗಿತ್ತು. ಈ ಪತ್ರ ಆ ಎರಡು ಪದಗಳ ಬಗ್ಗೆಯೇ. ಆದರೆ ನನಗೆ ಅದು ತಟ್ಟಿದ್ದು ನಮ್ಮೂರಿನಲ್ಲಿ ಅಲ್ಲ, ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನನ್ನ ಮಗಳು ಅಲ್ಲಿನ ಕ್ಯಾರಿ ಎಂಬ ಊರಿನಲ್ಲಿದ್ದಾಳೆ. 2025 ರ ಮೇ ತಿಂಗಳಿನಿಂದ ನಾಲ್ಕು ತಿಂಗಳು ನಾನೂ ನನ್ನ ಹೆಂಡತಿಯೂ ಅವಳ ಮನೆಯಲ್ಲಿದ್ದೆವು. ಒಂದು ಸಂಜೆ ಅವಳು ಅಕ್ಕಿ ತೊಳೆಯುತ್ತ ಸ್ಪೀಕರ್‌ನಲ್ಲಿ ಏನೋ ಹಚ್ಚಿದ್ದಳು. ಒಂದು ಪಿಟೀಲು, ಒಂದು ಬ್ಯಾಂಜೊ, ಅಂದರೆ ಅಲ್ಲಿನ ಒಂದು ತಂತಿವಾದ್ಯ. ಜೊತೆಗೆ ಜೀರುಂಡೆಯ ಸದ್ದು, ಬಿಡದೆ. “ಕಿಟಕಿ ಹಾಕವಾ, ಹೊರಗಿನ ಹುಳದ ಸಪ್ಪಳ ಜಾಸ್ತಿ ಆತು” ಅಂದೆ. ಅವಳು ನಕ್ಕು, “ಕಿಟಕಿ ಹಾಕೇ ಐತೆಪ್ಪಾ. ಹುಳ ಹಾಡಿನ್ಯಾಗ ಐತಿ” ಅಂದಳು.

ನಾನು ಕೈ ತೊಳೆದುಕೊಂಡು ಬಂದು ಸ್ಪೀಕರ್ ಮುಂದೆ ಕೂತೆ. ಯಾಕೆ ಅಂತ ಹೇಳಬೇಕು. ರಾಣೆಬೆನ್ನೂರಿನಲ್ಲಿ 1987 ರಿಂದ 2004 ರವರೆಗೆ ನಾನು ಕ್ಯಾಸೆಟ್ ಅಂಗಡಿ ನಡೆಸಿದವ. ಅಂಗಡಿಯ ಹಿಂದೆ ಒಂದು ರೆಕಾರ್ಡಿಂಗ್ ಕೋಣೆ. ಗೋಡೆಗೆ ಗೋಣಿಚೀಲ, ಹಳೆಯ ಗಾದಿ. ಎರಡು ಮೈಕು. ಗೀಗೀ ಪದ, ಭಜನೆ ಪದ, ರಿವಾಯತ್ ಪದ, ಡೊಳ್ಳಿನ ಪದ, ಎಲ್ಲ ಅಲ್ಲೇ ಆಗುತ್ತಿತ್ತು. ಫ್ಯಾನ್ ಬಂದ್ ಮಾಡಿ, ಬಾಗಿಲು ಹಾಕಿ, ರಾತ್ರಿ ಬಸ್ಸುಗಳು ನಿಂತ ಮೇಲೆ ಹಾಡಿಸುತ್ತಿದ್ದೆ. ಒಂದು ಹಲ್ಲಿ ಲೊಚಗುಟ್ಟಿದರೂ ಟೇಪು ಹಿಂದಕ್ಕೆ ಸುತ್ತಿ ಮತ್ತೆ ಮೊದಲಿನಿಂದ. ಹದಿನೇಳು ವರ್ಷ ಹುಳುಹುಪ್ಪಟೆಯನ್ನು ಹಾಡಿನಿಂದ ಹೊರಗೆ ಹಾಕಿದ ಮನುಷ್ಯನಿಗೆ, ಹುಳವನ್ನು ಬೇಕಂತಲೇ ಒಳಗೆ ಬಿಟ್ಟುಕೊಂಡ ರೆಕಾರ್ಡಿಂಗ್ ಕೇಳಿದಾಗ ಹೇಗಾಗಬೇಡ?

ಅದು ರಿಯಾನನ್ ಗಿಡೆನ್ಸ್ ಮತ್ತು ಜಸ್ಟಿನ್ ರಾಬಿನ್ಸನ್ ಎಂಬ ಇಬ್ಬರು ಕರಿಯ ಕಲಾವಿದರ ಆಲ್ಬಂ. 2025 ರ ಏಪ್ರಿಲ್‌ನಲ್ಲಿ ಬಂದದ್ದು. ‘ಕರಿಹಕ್ಕಿ ಕಾಗೆಗೆ ಏನಂದಿತು’ ಎಂಬ ಅರ್ಥದ ಹೆಸರು. ಒಟ್ಟು 18 ಹಾಡು ಮತ್ತು ಮಟ್ಟುಗಳು. ಗಿಡೆನ್ಸ್ ಬ್ಯಾಂಜೊ, ರಾಬಿನ್ಸನ್ ಪಿಟೀಲು. ಅವರು ಸ್ಟುಡಿಯೊಗೆ ಹೋಗಲಿಲ್ಲ. ಬಯಲಿನಲ್ಲಿ ಕೂತು ನುಡಿಸಿದರು. ಎಲ್ಲಿ? ತಮಗೆ ಕಲಿಸಿದ ಜೋ ಥಾಂಪ್ಸನ್ ಅವರ ಮನೆಯ ಹತ್ತಿರ. ತಾವು ಗೌರವಿಸುವ ಗಿಟಾರ್ ವಾದಕಿ ಎಟಾ ಬೇಕರ್ ಅವರ ಮನೆಯ ಹತ್ತಿರ. ಇನ್ನೊಂದು ಜಾಗ ಮಿಲ್ ಪ್ರಾಂಗ್ ಹೌಸ್, ಹಿಂದೆ ಗುಲಾಮರನ್ನು ದುಡಿಸಿದ ಎಸ್ಟೇಟ್. ಥಾಂಪ್ಸನ್ 2012 ರಲ್ಲಿ ತೀರಿಕೊಂಡರು, ಬೇಕರ್ 2006 ರಲ್ಲಿ. ಕಲಿಸಿದವರು ಇಲ್ಲ. ಆದರೆ ಅವರು ದಿನಾ ಕೇಳಿಸಿಕೊಂಡ ಹಕ್ಕಿ, ಗಾಳಿ, ಹುಳ ಇವೆಯಲ್ಲ, ಅವನ್ನು ಈ ಇಬ್ಬರು ಜೊತೆಗೆ ಕರೆದುಕೊಂಡಿದ್ದಾರೆ.

ಜೀರುಂಡೆಯ ವಿಷಯವನ್ನು ಮಗಳು ಆಮೇಲೆ ವಿವರಿಸಿದಳು. ಅಮೆರಿಕದಲ್ಲಿ ಕೆಲವು ಜೀರುಂಡೆಗಳು 13 ವರ್ಷ ಮಣ್ಣೊಳಗೇ ಇದ್ದು ಒಮ್ಮೆಲೇ ಮೇಲೆ ಬರುತ್ತವೆ. ಇನ್ನು ಕೆಲವು 17 ವರ್ಷಕ್ಕೆ. 2024 ರಲ್ಲಿ ಎರಡು ಬಗೆಯ ದೊಡ್ಡ ಗುಂಪುಗಳು ಒಟ್ಟಿಗೆ ಎದ್ದವು. ಆ ಎರಡೂ ಹಾಗೆ ಜೊತೆಯಾಗಿದ್ದು ಅದಕ್ಕೂ ಮುಂಚೆ 1803 ರಲ್ಲಿ. ಗುಲಾಮರಾಗಿ ಬಂದವರು ಹೊಲದ ಬದಿಯಲ್ಲಿ ಬ್ಯಾಂಜೊ ನುಡಿಸುತ್ತಿದ್ದ ಕಾಲ ಅದು.

ಜುಲೈನಲ್ಲಿ ಒಂದು ಭಾನುವಾರ ಅಳಿಯ ನಮ್ಮನ್ನು ಕಾರಿನಲ್ಲಿ ಮೆಬೇನ್ ಊರಿಗೆ ಕರೆದುಕೊಂಡು ಹೋದರು. ಜೋ ಥಾಂಪ್ಸನ್ ಬಾಳಿದ ಊರು. ಸಣ್ಣದು. ಊರ ನಡುವೆ ರೈಲು ಹಳಿ, ಪಕ್ಕದಲ್ಲಿ ಇಟ್ಟಿಗೆಯ ಅಂಗಡಿಗಳು. ಅವರ ಮನೆ ಹುಡುಕಿಕೊಂಡು ಹೋಗಲಿಲ್ಲ, ಯಾರದೋ ಮನೆಯ ಮುಂದೆ ಸುಮ್ನೆ ಹೋಗಿ ನಿಲ್ಲುವುದು ಸರಿಯಲ್ಲ ಅನ್ನಿಸಿತು. ಆದರೆ ಕಾರಿಂದ ಇಳಿದ ಕೂಡಲೇ ಮರದಲ್ಲಿ ಜೀರುಂಡೆ ಕೂಗುತ್ತಿತ್ತು. ಅವು ಪ್ರತಿ ವರ್ಷ ಬರುವ ಬೇರೆ ಜಾತಿಯವಂತೆ. ನನಗೆ ಅಷ್ಟೇ ಸಾಕಾಯಿತು.

ಥಾಂಪ್ಸನ್ 1918 ರಲ್ಲಿ ಹುಟ್ಟಿದ ಕರಿಯ ರೈತ ಮನೆತನದವರು. ಪಿಟೀಲು ಕಲಿತದ್ದು ಅಪ್ಪನಿಂದ. ದೊಡ್ಡವರಾದ ಮೇಲೆ ಹೊಟ್ಟೆಪಾಡಿಗೆ ಕುರ್ಚಿ ಮೇಜು ಮಾಡುವ ಕಾರ್ಖಾನೆಯಲ್ಲಿ ಕೆಲಸ. ಅಣ್ಣತಮ್ಮಂದಿರಲ್ಲಿ ನೇಟ್, ದಾಯಾದಿ ಓಡೆಲ್, ಇವರ ಜೊತೆ ಸುಗ್ಗಿಯಲ್ಲಿ ಗೋವಿನಜೋಳದ ತೆನೆ ಸುಲಿಯುವ ರಾತ್ರಿಗಳಲ್ಲಿ ನುಡಿಸುತ್ತಿದ್ದರು. ಜನ ಕೆಲಸ ಮುಗಿಸಿ ಕುಣಿಯುತ್ತಿದ್ದರು. ನಮ್ಮ ಕಣದಲ್ಲಿ ರಾತ್ರಿಯೆಲ್ಲ ಎತ್ತು ತಿರುಗಿಸುತ್ತ ಹಂತಿ ಪದ ಹೇಳುತ್ತಿದ್ದರಲ್ಲ, ಅದು ನೆನಪಾಯಿತು. ಆಮೇಲೆ ಕುಣಿತ ನಿಂತಿತು, ಪಿಟೀಲು ಪೆಟ್ಟಿಗೆ ಸೇರಿತು. 1970 ರ ದಶಕದಲ್ಲಿ ಒಬ್ಬ ಜಾನಪದ ಸಂಗ್ರಾಹಕ ಬಂದು ಕೇಳಿದ ಮೇಲೆ ಮತ್ತೆ ಹೊರಗೆ ತೆಗೆದರು.

2005 ರಲ್ಲಿ ಬೂನ್ ಎಂಬ ಊರಿನಲ್ಲಿ ಕರಿಯ ಬ್ಯಾಂಜೊ ವಾದಕರ ಒಂದು ಕೂಟ ಆಯಿತು. ಗಿಡೆನ್ಸ್, ರಾಬಿನ್ಸನ್, ಡಾಮ್ ಫ್ಲೆಮನ್ಸ್ ಎಂಬ ಮೂವರು ಎಳೆಯರು ಒಬ್ಬರಿಗೊಬ್ಬರು ಪರಿಚಯ ಆದದ್ದು ಅಲ್ಲಿ. ಆಮೇಲೆ ಪ್ರತಿ ಗುರುವಾರ ಸಂಜೆ ಥಾಂಪ್ಸನ್ ಅವರ ಮನೆಗೆ ಹೋಗಿ ಕೂರುತ್ತಿದ್ದರು. ಮುದುಕರಿಗೆ ಆಗಲೇ 86 ದಾಟಿತ್ತು. ಸ್ವರಲಿಪಿ ಇಲ್ಲ, ಪುಸ್ತಕ ಇಲ್ಲ. ಅವರು ನುಡಿಸಿದ್ದನ್ನು ಇವರು ಜೊತೆಗೆ ನುಡಿಸುತ್ತ ಹಿಡಿಯುವುದು. ಮೂವರೂ ಕೆರೊಲಿನಾ ಚಾಕೊಲೇಟ್ ಡ್ರಾಪ್ಸ್ ಅಂತ ತಂಡ ಕಟ್ಟಿದರು, 2011 ರಲ್ಲಿ ಗ್ರ್ಯಾಮಿ ಬಂತು. ಗಿಡೆನ್ಸ್ ಈಗ ಬಹಳ ದೊಡ್ಡ ಹೆಸರು. 2023 ರಲ್ಲಿ ಪುಲಿಟ್ಜರ್ ಕೂಡ ಬಂತು. ಇಷ್ಟಾದ ಮೇಲೂ ಇಪ್ಪತ್ತು ವರ್ಷದ ಹಿಂದೆ ಕಲಿತ ಮಟ್ಟುಗಳನ್ನು ಹಿಡಿದು ಅದೇ ಅಂಗಳಕ್ಕೆ ವಾಪಸ್ ಬಂದಿದ್ದಾರೆ. ಬಂದು, ಈ ಮಟ್ಟು ಇಂಥವರಿಂದ ಕಲಿತದ್ದು ಅಂತ ಹೇಳಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದು. ಜೀರುಂಡೆ ನನ್ನ ಕಿವಿ ತೆರೆಯಿತು, ಈ ಮಾತು ಎದೆಗೆ ಬಿತ್ತು.

ಪಿಟೀಲು, ಬ್ಯಾಂಜೊ ಸೇರಿದ ಬ್ಲೂಗ್ರಾಸ್ ಎಂಬ ಸಂಗೀತವೂ ಅಮೆರಿಕದಲ್ಲಿದೆ. ಇವರು ನುಡಿಸುವುದು ಅದಲ್ಲ, ಅದಕ್ಕಿಂತ ಹಳೆಯದು. ಗಿಡೆನ್ಸ್ ಬ್ಯಾಂಜೊವನ್ನು ಉಗುರಿನಿಂದ ಕೆಳಮುಖವಾಗಿ ಹೊಡೆಯುತ್ತಾರೆ. ಬ್ಲೂಗ್ರಾಸ್‌ನಲ್ಲಿ ಮೂರು ಬೆರಳಿಗೆ ಮೀಟುಗ ಹಾಕಿಕೊಂಡು ಸುರಿಮಳೆಯ ಹಾಗೆ ಮೀಟುತ್ತಾರೆ. 1945 ರ ಡಿಸೆಂಬರ್‌ನಲ್ಲಿ ಅರ್ಲ್ ಸ್ಕ್ರಗ್ಸ್ ಎಂಬ ಹುಡುಗ, ಬ್ಲೂಗ್ರಾಸ್‌ನ ಪಿತಾಮಹ ಅನ್ನಿಸಿಕೊಂಡ ಬಿಲ್ ಮನ್ರೋ ಅವರ ಬ್ಲೂ ಗ್ರಾಸ್ ಬಾಯ್ಸ್ ತಂಡ ಸೇರಿದ ಮೇಲೆ ಆ ಶೈಲಿ ಎಲ್ಲ ಕಡೆ ಹಬ್ಬಿತು. ಅಂದಹಾಗೆ ನಮ್ಮ ಕಡೆ ಬ್ಯಾಂಜೊ ಅಂದರೆ ಕೀಲಿ ಒತ್ತುವ ಬುಲ್‌ಬುಲ್ ತರಂಗ್. ಇದು ಬೇರೆ. ಬಳೆಗೆ ಚರ್ಮ ಬಿಗಿದು ಅದರ ಮೇಲೆ ತಂತಿ ಹಾಯಿಸಿದ ವಾದ್ಯ, ಆಫ್ರಿಕಾದ ಜನ ತಮ್ಮ ಜೊತೆ ತಂದ ನೆನಪಿನಿಂದ ಹುಟ್ಟಿದ್ದು. ಚರ್ಮ, ತಂತಿ ಎರಡೂ ಸೇರಿದ್ದು ಅಂದರೆ ನನ್ನ ಕಣ್ಣಿಗೆ ನಮ್ಮ ತುಂತುಣಿಯೇ ಬರುತ್ತದೆ.

ಆ ಮನ್ರೋ ಅವರ ಕಥೆಯಲ್ಲಿ ಇನ್ನೊಬ್ಬರಿದ್ದಾರೆ. ಆರ್ನಲ್ಡ್ ಶುಲ್ಟ್ಸ್, ಕೆಂಟಕಿಯ ಕರಿಯ ಕಲಾವಿದ. ಗಿಟಾರ್, ಪಿಟೀಲು ಎರಡೂ ನುಡಿಸುತ್ತಿದ್ದರು. ಮನ್ರೋ ಹುಡುಗನಾಗಿದ್ದಾಗ ಈ ಶುಲ್ಟ್ಸ್ ಜೊತೆ ಕುಣಿತದ ಕೂಟಗಳಲ್ಲಿ ನುಡಿಸಿದ್ದರು. ಶುಲ್ಟ್ಸ್ 1931 ರಲ್ಲಿ ತೀರಿಕೊಂಡರು. ಅವರ ಒಂದೇ ಒಂದು ರೆಕಾರ್ಡಿಂಗ್ ಇಲ್ಲ. ಆಗಿನ ರೆಕಾರ್ಡ್ ಕಂಪನಿಗಳು ಕರಿಯರಿಗೊಂದು ಪಟ್ಟಿ, ಬಿಳಿಯರಿಗೊಂದು ಪಟ್ಟಿ ಮಾಡಿ ಮಾರುತ್ತಿದ್ದವು. ಕರಿಯರು ಪಿಟೀಲು, ಬ್ಯಾಂಜೊ ನುಡಿಸಿದರೆ ಅದು ಯಾವ ಪಟ್ಟಿಗೂ ಸರಿಹೋಗುತ್ತಿರಲಿಲ್ಲ. ಆದರೂ ಶುಲ್ಟ್ಸ್ ಹೆಸರು ಉಳಿಯಿತು. ಯಾಕೆಂದರೆ ಮನ್ರೋ ಮುದುಕರಾದ ಮೇಲೂ ಅವರ ಹೆಸರು ಹೇಳುತ್ತಲೇ ಇದ್ದರು. ದನಿ ಹೋಯಿತು, ಹೆಸರು ಉಳಿಯಿತು.

ನನ್ನ ಹತ್ತಿರ ಉಲ್ಟಾ ಆಗಿದೆ ಸಂಪಾದಕರೇ. ದನಿ ಇದೆ, ಹೆಸರಿಲ್ಲ.

2001 ರ ಸುಮಾರಿಗೆ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದಿದ್ದರು. “ನಮ್ಮಪ್ಪ ತುಂತುಣಿ ಬಾರಸ್ತಿದ್ದ. ಅವನ ದನಿ ಇರೂ ಕ್ಯಾಸೆಟ್ ಕೊಡ್ರಿ” ಅಂದರು. ಅಪ್ಪನ ಹೆಸರನ್ನೂ ಹೇಳಿದರು. ಕ್ಯಾಸೆಟ್ ಡಬ್ಬಿಯ ಕಾರ್ಡುಗಳಲ್ಲಿ, ಲೆಕ್ಕದ ಪುಸ್ತಕದಲ್ಲಿ ಹುಡುಕಿದೆ. ಎಲ್ಲ ಕಡೆ ಮುಂದೆ ನಿಂತು ಹಾಡಿದವರ ಹೆಸರು, ‘ಮತ್ತು ಸಂಗಡಿಗರು’. ಬರೆಸಿದವನು ನಾನೇ. ಕಾರ್ಡಿನಲ್ಲಿ ಜಾಗ ಇರಲಿಲ್ಲ ಅನ್ನಲಾರೆ. ಅಂಗಡಿಯ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೆ. ಕೊನೆಗೆ ಅವರನ್ನು ಬೆಂಚಿನ ಮೇಲೆ ಕೂರಿಸಿ ಒಂದೊಂದೇ ಕ್ಯಾಸೆಟ್ ಹಚ್ಚಿದೆ. ಮೂರನೆಯದರಲ್ಲಿ, ಹಿಮ್ಮೇಳ ಗೀಗೀ ಅಂತ ಎತ್ತಿಕೊಂಡಾಗ, ಅವರು ಎದ್ದು ನಿಂತರು. “ಇದ, ಇದ ನಮ್ಮಪ್ಪ” ಅಂದರು. ಆ ಕ್ಯಾಸೆಟ್ಟನ್ನು ಅವರಿಗೆ ಕೊಟ್ಟೆ. ಕಾರ್ಡಿನ ಮೇಲೆ ಅವರಪ್ಪನ ಹೆಸರನ್ನು ಪೆನ್ನಿನಿಂದ ಬರೆದುಕೊಟ್ಟೆ. ನನ್ನ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿಲ್ಲ. ಮಾಸ್ಟರ್ ಟೇಪು ಈಗಲೂ ನನ್ನ ಹತ್ತಿರ ಇದೆ. ಹೆಸರು ಮರೆತುಹೋಗಿದೆ. ಕ್ಯಾರಿಯಲ್ಲಿ ಆ ರಾತ್ರಿ ಎಷ್ಟು ನೆನಪಿಸಿಕೊಂಡರೂ ಬರಲಿಲ್ಲ.

ಅಲ್ಲಿದ್ದ ಉಳಿದ ದಿನಗಳಲ್ಲಿ ಮಗಳ ಹತ್ತಿರ ಇಂಥ ಹೊಸ ಆಲ್ಬಂಗಳನ್ನೇ ಹಚ್ಚಿಸಿಕೊಂಡು ಕೇಳಿದೆ. ಮಾಲಿ ಟಟಲ್ ಎಂಬ ಗಿಟಾರ್ ವಾದಕಿ ಇದ್ದಾರೆ. ಬ್ಲೂಗ್ರಾಸ್ ಸಂಘದವರು ಪ್ರತಿ ವರ್ಷ ಬ್ಯಾಂಜೊ, ಪಿಟೀಲು, ಮ್ಯಾಂಡೊಲಿನ್, ಬಾಸ್, ಗಿಟಾರ್ ಹೀಗೆ ಒಂದೊಂದು ವಾದ್ಯಕ್ಕೂ ಬೇರೆಯೇ ಪ್ರಶಸ್ತಿ ಕೊಡುತ್ತಾರೆ. ಗಿಟಾರಿನದು 2017 ರಲ್ಲಿ ಮೊದಲ ಬಾರಿಗೆ ಒಬ್ಬ ಹೆಣ್ಣಿಗೆ ಹೋಯಿತು, ಅದು ಇವರಿಗೆ. ಇವರ 2023 ರ ಆಲ್ಬಂ ಮೇಲೆ ‘ಮಾಲಿ ಟಟಲ್ ಮತ್ತು ಗೋಲ್ಡನ್ ಹೈವೇ’ ಅಂತ ಇದೆ. ಅದೂ ‘ಮತ್ತು ಸಂಗಡಿಗರು’ ಅಂದ ಹಾಗೇ ಅಲ್ವಾ ಅಂದುಕೊಂಡೆ. ಅಲ್ಲ. ಆ ಸಂಗಡಿಗರು ಯಾರು ಅಂತ ಕೇಳಿದರೆ ಮಗಳು ಕೂಡಲೇ ಓದಿ ಹೇಳಿದಳು: ಪಿಟೀಲು ಬ್ರಾನ್ವಿನ್ ಕೀತ್-ಹೈನ್ಸ್, ಮ್ಯಾಂಡೊಲಿನ್ ಡಾಮಿನಿಕ್ ಲೆಸ್ಲಿ, ಬಾಸ್ ಶೆಲ್ಬಿ ಮೀನ್ಸ್, ಬ್ಯಾಂಜೊ ಕೈಲ್ ಟಟಲ್. ಹಾಡಿನ ನಡುವೆ ಒಬ್ಬೊಬ್ಬರೂ ಮೈಕಿನ ಮುಂದೆ ಬಂದು ತಮ್ಮ ಸರದಿ ನುಡಿಸಿ ಹಿಂದೆ ಸರಿಯುತ್ತಾರೆ. ಹಿಂದೆ ನಿಂತವರಿಗೆ ಮುಂದೆ ಬರುವ ಸರದಿ ಇದೆ. ನನ್ನ ಕೋಣೆಯಲ್ಲಿ ಎರಡೇ ಮೈಕು ಇದ್ದಾಗ ನಾನೂ ಹಾಗೆ ಮಾಡಿಸಬಹುದಿತ್ತು.

ಬಿಲ್ಲಿ ಸ್ಟ್ರಿಂಗ್ಸ್ ಅಂತ ಇನ್ನೊಬ್ಬರು, ಮಿಶಿಗನ್‌ನವರು, ಬ್ಲೂಗ್ರಾಸ್‌ನಲ್ಲಿ ಈಗ ಜನ ಮುಗಿಬಿದ್ದು ಕೇಳುವುದು ಅವರನ್ನು. 2022 ರಲ್ಲಿ ಅವರು ತಮ್ಮನ್ನು ಸಾಕಿ, ಗಿಟಾರ್ ಕಲಿಸಿದ ತಂದೆ ಟೆರ್ರಿ ಬಾರ್ಬರ್ ಜೊತೆಗೆ ಒಂದು ಇಡೀ ಆಲ್ಬಂ ಮಾಡಿದರು. ಚಿಕ್ಕಂದಿನಲ್ಲಿ ಮನೆಯಲ್ಲಿ ಒಟ್ಟಿಗೆ ನುಡಿಸಿದ ಹಳೆಯ ಹಾಡುಗಳು. ನನಗೆ ಅವರ ವೇಗದ ಕೈಗಿಂತ ಇದು ಹೆಚ್ಚು ಹಿಡಿಸಿತು.

ನಮ್ಮ ಓದುಗರಿಗೆ ಹತ್ತಿರದ ಒಂದು ಉದಾಹರಣೆಯೂ ಇದೆ. 2024 ರ ಫೆಬ್ರುವರಿಯಲ್ಲಿ ಉಸ್ತಾದ್ ಜಾಕಿರ್ ಹುಸೇನ್ ಅವರಿಗೆ ಮೂರು ಗ್ರ್ಯಾಮಿ, ಕೊಳಲಿನ ರಾಕೇಶ್ ಚೌರಾಸಿಯಾ ಅವರಿಗೆ ಎರಡು ಬಂದವು. ನಾನೂ ಓದಿ ಖುಷಿಪಟ್ಟೆ. ಅವರಿಬ್ಬರಿಗೂ ಎರಡು ಗ್ರ್ಯಾಮಿ ತಂದದ್ದು 2023 ರ ‘ಆ್ಯಸ್ ವಿ ಸ್ಪೀಕ್’ ಆಲ್ಬಂ. ಅದರಲ್ಲಿ ಬ್ಯಾಂಜೊ ನುಡಿಸಿದವರು ಬೆಲಾ ಫ್ಲೆಕ್, ಡಬಲ್ ಬಾಸ್ ಎಡ್ಗರ್ ಮೇಯರ್. ನಾನು ಓದಿದ ಸುದ್ದಿಯಲ್ಲಿ ಅವರಿಬ್ಬರು ‘ಮತ್ತಿತರರು’ ಆಗಿದ್ದರು. ಜಾಕಿರ್ ಅವರು ಅದೇ ಡಿಸೆಂಬರ್‌ನಲ್ಲಿ ಹೋಗಿಬಿಟ್ಟರು. ಆ ಆಲ್ಬಂ ಕೇಳಿ. ನಾಲ್ವರಲ್ಲಿ ಯಾರನ್ನು ಮತ್ತಿತರರು ಅನ್ನುತ್ತೀರಿ?

ಹಾಗಾಗಿ ನನ್ನ ಕೋರಿಕೆ ಇಷ್ಟು. ಮೇಳದ ಫೋಟೊ ಹಾಕಿದಾಗ ಐದು ಜನರಿದ್ದರೆ ಐದೂ ಹೆಸರು ಹಾಕಿ, ಯಾರು ಯಾವ ವಾದ್ಯ ಅಂತಲೂ ಬರೆಯಿರಿ. ಒಂದೂವರೆ ಸಾಲು ಜಾಸ್ತಿ ಆಗಬಹುದು. ವರದಿಗಾರರು ವೇದಿಕೆಯ ಪಕ್ಕಕ್ಕೆ ಹೋಗಿ ಕೇಳಿದರೆ ಎರಡು ನಿಮಿಷದ ಕೆಲಸ. ಯಾರಿಂದ ಕಲಿತಿರಿ ಅಂತ ಇನ್ನೊಂದು ಮಾತು ಕೇಳಿದರೆ ಅವರ ಮುಖ ಅರಳುವುದನ್ನು ಅವರೇ ನೋಡುತ್ತಾರೆ. ಮೊಬೈಲ್‌ನಲ್ಲಿ ಪದ ಹಿಡಿದು ಯೂಟ್ಯೂಬಿಗೆ ಹಾಕುವ ಹುಡುಗರಿಗೂ ಇದೇ ಮಾತು. ಕೋಣೆಗೆ ಕರೆದು ಬಾಗಿಲು ಹಾಕಬೇಡಿ. ಅವರು ಹಾಡುವ ಕಟ್ಟೆಗೇ ಹೋಗಿ. ಎಮ್ಮೆ ಕೂಗಿದರೆ ಕೂಗಲಿ.

ನನ್ನ ಹತ್ತಿರ 83 ಮಾಸ್ಟರ್ ಟೇಪುಗಳು ಉಳಿದಿವೆ. ಊರಿಗೆ ಬಂದ ಮೇಲೆ ಸಂಜೆ ಹೊತ್ತು ಒಂದೊಂದೇ ಹಚ್ಚಿ, ಹಳೆಯ ಹಾಡುಗಾರರನ್ನು ಕರೆದು ಕೂರಿಸಿ, ಹಿಮ್ಮೇಳದ ದನಿ ಯಾರದು ಅಂತ ಕೇಳಿ ಬರೆದುಕೊಳ್ಳುತ್ತಿದ್ದೇನೆ. ಈವರೆಗೆ 31 ಹೆಸರು ಸಿಕ್ಕಿವೆ. ತುಂತುಣಿಯವರದು ಇನ್ನೂ ಸಿಕ್ಕಿಲ್ಲ. ಅವರ ಮಗಳು ಈ ಪತ್ರ ಓದಿದರೆ, ಆ ಕ್ಯಾಸೆಟ್ಟಿನ ಕಾರ್ಡು ಮನೆಯಲ್ಲಿ ಎಲ್ಲಾದರೂ ಇದ್ದರೆ, ಪೆನ್ನಿನಲ್ಲಿ ಬರೆದ ಆ ಹೆಸರನ್ನು ನನಗೊಮ್ಮೆ ಓದಿ ಹೇಳಬೇಕು ಅಂತ ಕೇಳಿಕೊಳ್ಳುತ್ತೇನೆ.

– ಹಳೆಯ ಕ್ಯಾಸೆಟ್ ಅಂಗಡಿಯವ, ರಾಣೆಬೆನ್ನೂರು