ಬಿಕೋ ಎನ್ನುವ ಬೀದಿಯನ್ನು ಬರೆಯುವಾಗ

ಪ್ರೀತಿಯ ತಂಗಿಗೆ,

ಕೊರೊನಾ ಲಾಕ್‌ಡೌನಿನ ಸಂಜೆಯ ನಡಿಗೆಯ ಬಗ್ಗೆ ನೀನು ಕಳಿಸಿದ ಪ್ರಬಂಧವನ್ನು ಎರಡು ಸಲ ಓದಿದೆ. ಬರೆಯಲೇಬೇಕಾದ ವಿಷಯವನ್ನೇ ಹಿಡಿದಿದ್ದೀಯ. ಮುಂಬೈ ಕನ್ನಡಿಗರ ಮಾಟುಂಗಾ ಆ ದಿನಗಳಲ್ಲಿ ಹೇಗಿತ್ತು ಎಂಬುದನ್ನು ಯಾರಾದರೂ ಸರಿಯಾಗಿ ಬರೆದಿಡದಿದ್ದರೆ ಇನ್ನು ಕೆಲವು ವರ್ಷಕ್ಕೆ ‘ಆಗ ಎಲ್ಲ ಬಂದ್ ಆಗಿತ್ತಂತೆ’ ಎಂಬ ಒಂದು ಮಾತಷ್ಟೇ ಉಳಿದೀತು. ಅದಕ್ಕೇ ಈ ಉದ್ದದ ಪತ್ರ.

ಮೊದಲು ತಾರೀಕು ಹಾಕು. ನಿನ್ನ ಮೊದಲ ಪುಟದಲ್ಲಿ ಲೋಕಲ್ ರೈಲು ಇಲ್ಲ, ಎರಡನೆಯದರಲ್ಲಿ ವ್ಯಾಯಾಮಕ್ಕೆ ಓಡುವ ಹುಡುಗರಿದ್ದಾರೆ, ಮೂರನೆಯದರಲ್ಲಿ ದೇವಸ್ಥಾನದ ಬಾಗಿಲಲ್ಲಿ ಆರತಿಗೆ ಕಾದ ಜನ. ಇವು ಒಂದೇ ಸಂಜೆಯವಲ್ಲ. ಲೋಕಲ್ ನಿಂತದ್ದು 2020ರ ಮಾರ್ಚ್ 22ರ ರಾತ್ರಿ. ಮತ್ತೆ ಶುರುವಾದದ್ದು ಜೂನ್ 15ಕ್ಕೆ, ಅದೂ ಅಗತ್ಯ ಸೇವೆಯವರಿಗೆ ಮಾತ್ರ. ವಾಕಿಂಗಿಗೆಂದು ಹೊರಬರಲು ಬಿಟ್ಟದ್ದು ಜೂನ್ ಮೊದಲ ವಾರದಲ್ಲಿ, ಬೆಳಿಗ್ಗೆ 5ರಿಂದ ಸಂಜೆ 7ರ ಒಳಗೆ. ಮಹಾರಾಷ್ಟ್ರದಲ್ಲಿ ದೇವಸ್ಥಾನಗಳು ಭಕ್ತರಿಗೆ ತೆರೆದದ್ದು ನವೆಂಬರ್ 16ಕ್ಕೆ, ದೀಪಾವಳಿ ಪಾಡ್ಯದ ದಿನ. ನೆನಪು ಇವನ್ನೆಲ್ಲ ಕಲಸಿ ಒಂದು ಮುದ್ದೆ ಮಾಡುತ್ತದೆ, ಅದರ ಸ್ವಭಾವವೇ ಹಾಗೆ. ಫೋನಿನಲ್ಲಿರುವ ಹಳೆಯ ಫೋಟೋಗಳ ದಿನ ಮತ್ತು ವೇಳೆ ನೋಡು. ಔಷಧಿ ಅಂಗಡಿಯ ಬಿಲ್ಲು, ಸೊಸೈಟಿಯ ವಾಟ್ಸ್ಯಾಪ್ ಗುಂಪಿನ ಸೂಚನೆ ಕೂಡ ಉಪಯೋಗಕ್ಕೆ ಬರುತ್ತವೆ. ಇವುಗಳಿಂದ ಒಂದು ಸಂಜೆಯನ್ನು ಆರಿಸಿಕೋ. 2020ರ ಏಪ್ರಿಲ್ 10, ಶುಕ್ರವಾರ ಅಂದುಕೊಳ್ಳೋಣ.

ದಿನ ಗೊತ್ತಾದ ಕೂಡಲೇ ಬೆಳಕು ಗೊತ್ತಾಗುತ್ತದೆ. ಆ ದಿನ ಮುಂಬೈಯಲ್ಲಿ ಸೂರ್ಯ ಮುಳುಗುವುದು ಸುಮಾರು 6.55ಕ್ಕೆ, ನೀನು ಆರು ಗಂಟೆಗೇ ಕತ್ತಲು ಮಾಡಿಬಿಟ್ಟಿದ್ದೀಯ. ಕತ್ತಲಾದ ಮೇಲಿನ ಬೆಳಕನ್ನೂ ಗಮನಿಸಬೇಕಿತ್ತು. ಮಾಮೂಲು ದಿನಗಳಲ್ಲಿ ಭಾಂಡಾರ್ಕರ್ ರೋಡಿನ ಫುಟ್‌ಪಾತಿಗೆ ಬೆಳಕು ಬರುವುದು ಪಕ್ಕದಿಂದ, ಅಂಗಡಿಗಳ ಒಳಗಿಂದ. ಶಟರ್ ಎಳೆದ ಮೇಲೆ ಉಳಿಯುವುದು ಬೀದಿದೀಪ ಮಾತ್ರ, ಅದು ನೆತ್ತಿಯ ಮೇಲಿಂದ ಬೀಳುತ್ತದೆ. ಎದುರು ಬರುವವನ ಹಣೆ ಕಾಣುತ್ತದೆ, ಕಣ್ಣು ಕಾಣುವುದಿಲ್ಲ, ಮೂಗು ಬಾಯಿ ಹೇಗೂ ಮಾಸ್ಕಿನ ಹಿಂದೆ. ಏಪ್ರಿಲ್ 8ರಿಂದ ನಗರದಲ್ಲಿ ಮಾಸ್ಕ್ ಕಡ್ಡಾಯವಾಗಿತ್ತಲ್ಲ. ಕೆಳಗೆ ಇಷ್ಟು ಕತ್ತಲಿರುವಾಗ ಮೇಲಿನ ಮಹಡಿಗಳಲ್ಲಿ ಒಂದು ಕಿಟಕಿಯೂ ಆರಿರುವುದಿಲ್ಲ, ಎಲ್ಲರೂ ಮನೆಯಲ್ಲೇ. ಇಷ್ಟು ಬರೆದರೆ ಬೀದಿ ಖಾಲಿ ಎಂದು ಬೇರೆ ಹೇಳಬೇಕಾಗುವುದಿಲ್ಲ.

ಈಗ ಮುಖ್ಯ ವಿಷಯ. ನಿನ್ನ ನಾಲ್ಕು ಪುಟಗಳಲ್ಲಿ ‘ಮೌನ’ ಹನ್ನೊಂದು ಸಲ ಬಂದಿದೆ, ‘ಸ್ಮಶಾನ ಮೌನ’ ಎರಡು ಸಲ. ಸ್ಮಶಾನಗಳಲ್ಲಿ ಸರದಿ ನಿಂತ ಕಾಲದ ಬಗ್ಗೆ ಬರೆಯುವಾಗ ಆ ಪದವನ್ನು ಅಲಂಕಾರಕ್ಕೆ ಬಳಸಬೇಡ. ಮೌನ ಎಂದರೆ ಮಾತಾಡಬಲ್ಲವರು ಮಾತಾಡದೆ ಇರುವುದು; ಅದು ಮನುಷ್ಯರದ್ದು. ಬೀದಿಗೆ ನಮ್ಮಲ್ಲಿ ಬೇರೆ ಮಾತುಗಳಿವೆ. ಜನ ಇರಬೇಕಾದಲ್ಲಿ ಇಲ್ಲದಿದ್ದರೆ ಬಿಕೋ ಎನ್ನುತ್ತದೆ. ತುಂಬಿದ್ದದ್ದು ಬರಿದಾಗಿ ಬಿಸಿಲಿಗೆ ಬಿದ್ದಿದ್ದರೆ ಭಣಗುಡುತ್ತದೆ. ಈಗಷ್ಟೇ ಇದ್ದ ಸಪ್ಪಳ ನಿಂತರೆ ಸದ್ದಡಗುತ್ತದೆ. ಹೂವಿನ ಅಂಗಡಿಗಳ ಸಾಲು ಬಿಕೋ ಎನ್ನಬಹುದು, ಮಧ್ಯಾಹ್ನದ ಸ್ಟೇಷನ್ ಮುಂಭಾಗ ಭಣಗುಡಬಹುದು, ಪೊಲೀಸ್ ಜೀಪು ತಿರುವಿನಲ್ಲಿ ಕಂಡಾಗ ಗಲ್ಲಿಯ ಕ್ರಿಕೆಟ್ಟಿನ ಸದ್ದು ಅಡಗಬಹುದು. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿ ನೋಡು, ಹೊಂದುವುದಿಲ್ಲ. ಈ ಮೂರು ಮಾತು ಸರಿಯಾದ ಜಾಗದಲ್ಲಿ ಬಿದ್ದರೆ ‘ಮೌನ’ ಒಂದೂ ಬೇಕಾಗುವುದಿಲ್ಲ.

ಅಲ್ಲದೆ ನಿಶ್ಶಬ್ದವಾದರೂ ಎಲ್ಲಿತ್ತು? ದೊಡ್ಡ ಸದ್ದು ಹೋದಾಗ ಅದರಡಿ ಹೂತಿದ್ದ ಸಣ್ಣ ಸದ್ದುಗಳು ಮೇಲೆ ಬರುತ್ತವೆ. ಮೂರನೇ ಮಹಡಿಯ ಕುಕ್ಕರಿನ ಸೀಟಿ ರಸ್ತೆಗೆ ಕೇಳುತ್ತದೆ, ಅನ್ನವೋ ಬೇಳೆಯೋ ಎಂದು ಮೂಗು ಹೇಳುತ್ತದೆ. ವಾಚ್‌ಮನ್ ಕುರ್ಚಿ ಎಳೆದದ್ದು ಕೇಳುತ್ತದೆ. ಆಂಬುಲೆನ್ಸ್ ಬಂತು ಎಂದು ಬರೆದಿದ್ದೀಯ. ಸೈರನ್ ಹಾಕಿತ್ತೋ, ಬರೀ ದೀಪ ತಿರುಗುತ್ತಿತ್ತೋ? ಸಯನ್ ಆಸ್ಪತ್ರೆ ಇರುವುದು ಹತ್ತಿರದಲ್ಲೇ. ಖಾಲಿ ರಸ್ತೆಯಲ್ಲಿ ಆ ಎರಡಕ್ಕೆ ಬಹಳ ವ್ಯತ್ಯಾಸವಿದೆ.

‘ಬಸ್ಸಿಲ್ಲ, ಜನರಿಲ್ಲ, ಗದ್ದಲವಿಲ್ಲ’ ಎಂಬ ಸಾಲನ್ನೂ ತೆಗೆ. ಇಲ್ಲದ್ದು ಓದುಗನ ಕಣ್ಣಿಗೆ ಕಾಣುವುದಿಲ್ಲ. ಇಲ್ಲವಾದದ್ದು ಬಿಟ್ಟುಹೋದ ಗುರುತು ಕಾಣುತ್ತದೆ. ಉಡುಪಿ ಹೋಟೆಲಿನ ಶಟರನ್ನು ಹತ್ತಿರದಿಂದ ನೋಡು. ದಿನಾ ತೆರೆಯುವ ಶಟರಿನ ಎರಡು ಬದಿಯ ಪಟ್ಟಿಯಲ್ಲಿ ಗ್ರೀಸು ಹೊಳೆಯುತ್ತದೆ. ಮೂರು ವಾರ ಮುಚ್ಚಿದ್ದರೆ ಗ್ರೀಸಿನ ಮೇಲೆ ಧೂಳು ಕೂತು ಮಂಕಾಗುತ್ತದೆ, ಶಟರಿನ ಪ್ರತಿ ಮಡಿಕೆಯ ಮೇಲ್ಭಾಗದಲ್ಲಿ ಬೂದು ಗೆರೆ ಮೂಡುತ್ತದೆ, ಬುಡದಲ್ಲಿ ಒಣಗಿದ ಎಲೆ ಸೇರಿಕೊಳ್ಳುತ್ತವೆ. ಗ್ರೀಸು ಇನ್ನೂ ಹೊಳೆಯುತ್ತಿದೆ, ಬೀಗ ಮಾತ್ರ ಹಾಕಿದೆ ಅಂದರೆ ಒಳಗೆ ಓಡಾಟ ಇದೆ ಎಂದರ್ಥ. ಹೋಟೆಲಿನಲ್ಲೇ ಮಲಗುವ, ಊರಿಗೆ ಹೋಗಲಾಗದ ಹುಡುಗರು. ನಿನ್ನ ಪ್ರಬಂಧದಲ್ಲಿ ಅವರೇ ಇಲ್ಲ, ಇದು ನನಗೆ ಬಹಳ ನೋವಿನ ಕೊರತೆ. ಮೇ 18ಕ್ಕೆ ಕರ್ನಾಟಕ ಸರ್ಕಾರ ಮಹಾರಾಷ್ಟ್ರದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಬಾಗಿಲು ಮುಚ್ಚಿತು. ಅದಕ್ಕೆ ಮೊದಲು ಸೇವಾ ಸಿಂಧು ಪಾಸು ಪಡೆದು ಹೋದವರು ಕ್ವಾರಂಟೈನಿನಲ್ಲಿ ಇರಬೇಕಾಯಿತು. ಕರಾವಳಿಯ ಹಳ್ಳಿಗಳಲ್ಲಿ ‘ಮುಂಬೈಯಿಂದ ಬಂದವರು’ ಎಂಬುದು ಬೈಗುಳದ ಹಾಗೆ ಕೇಳುತ್ತಿತ್ತು. ಅಲ್ಲೂ ಸಲ್ಲದ ಇಲ್ಲೂ ಸಲ್ಲದ ಆ ಹುಡುಗರನ್ನು ಕನ್ನಡದ ಬರಹಗಾರ್ತಿ ಬರೆಯದಿದ್ದರೆ ಮತ್ಯಾರು ಬರೆಯಬೇಕು?

ಇಷ್ಟೇ ಜವಾಬ್ದಾರಿಯಿಂದ ಧಾರಾವಿಯನ್ನೂ ನೆನೆ. ನೀನು ನಡೆದ ಬೀದಿಯಿಂದ ಕಾಲ್ನಡಿಗೆಯಷ್ಟೇ ದೂರ. ಅಲ್ಲಿ ಮೊದಲ ಪ್ರಕರಣ ಗೊತ್ತಾದದ್ದು ಏಪ್ರಿಲ್ 1ಕ್ಕೆ. ಒಂದೇ ಕೋಣೆಯಲ್ಲಿ ಇಡೀ ಸಂಸಾರ, ಗಲ್ಲಿಗೆಲ್ಲ ಸೇರಿ ಸಾರ್ವಜನಿಕ ಶೌಚಾಲಯ. ಅಲ್ಲಿಯವರಿಗೆ ಮನೆಯೊಳಗಿರು ಎಂಬ ಮಾತೇ ನಡೆಸಲಾಗದ್ದು. ಇದನ್ನು ಒಂದು ವಾಕ್ಯದಲ್ಲಿ ಹೇಳಿದರೆ ಸಾಕು, ಉಪದೇಶ ಬೇಡ. ಆದರೆ ಆ ವಾಕ್ಯ ಇಲ್ಲದೆ ‘ನಗರಕ್ಕೆ ಕೊನೆಗೂ ವಿಶ್ರಾಂತಿ ಸಿಕ್ಕಿತು’ ಎಂದು ಬರೆಯಬೇಡ. ಲಾಕ್‌ಡೌನಿನಿಂದ ಫ್ಲೆಮಿಂಗೋಗಳು ಬಂದವು ಎಂಬ ಮಾತೂ ಹಾಗೇ. ಅವು ನವಿ ಮುಂಬೈಗೆ ಪ್ರತಿ ವರ್ಷ ಚಳಿಗಾಲದಲ್ಲಿ ಬಂದು ಮಳೆಗಾಲದ ಹೊತ್ತಿಗೆ ಹೋಗುವ ಹಕ್ಕಿಗಳು, ಲಾಕ್‌ಡೌನ್ ಕರೆಸಿದ್ದಲ್ಲ. ಐದು ಉದ್ಯಾನದ (ಫೈವ್ ಗಾರ್ಡನ್ಸ್) ಬಳಿಯ ಮಳೆಮರ ಸಂಜೆಗೆ ಎಲೆ ಮಡಿಸಿಕೊಳ್ಳುವುದನ್ನು ಬರೆ, ಅದು ನಿನ್ನ ದಾರಿಯಲ್ಲೇ ಇದೆ.

ನಡಿಗೆಗೆ ಕಾರಣ ಕೊಡು. ಏಪ್ರಿಲಿನಲ್ಲಿ ಸುಮ್ಮನೆ ಅಡ್ಡಾಡುವಂತಿರಲಿಲ್ಲ, ಕೈಯಲ್ಲಿ ಚೀಲವೋ ಔಷಧಿಯ ಚೀಟಿಯೋ ಬೇಕಿತ್ತು. ಆ ಚೀಟಿ ಇಡೀ ಬರಹವನ್ನು ಹಿಡಿದು ನಿಲ್ಲಿಸುತ್ತದೆ. ನಾಕಾಬಂದಿಯಲ್ಲಿ ಕೇಳುತ್ತಾರೆ, ತೋರಿಸಬೇಕು. ಅಂಗಡಿ ಮುಂದೆ ಬಿಳಿ ಪೇಂಟಿನ ಸುತ್ತಿನಲ್ಲಿ ನಿಂತು ಕಾಯುವಾಗ ಬೆವರಿಗೆ ಮೆತ್ತಗಾಗುತ್ತದೆ. ದಾರಿ ಇಪ್ಪತ್ತೈದು ನಿಮಿಷ ಮೀರದಿರಲಿ. ಅಷ್ಟರಲ್ಲಿ ಎರಡು ಕಿಲೋಮೀಟರಿಗಿಂತ ಹೆಚ್ಚು ನಡೆಯಲಾಗುವುದಿಲ್ಲ. ನೀನು ಐದು ಉದ್ಯಾನದಿಂದ ದಾದರ್ ಚೌಪಾಟಿಗೆ ಹೋಗಿ ಅಷ್ಟು ಹೊತ್ತಿನಲ್ಲೇ ವಾಪಸಾಗಿದ್ದೀಯ, ಅದು ಆಗದ ಮಾತು.

ಕ್ರಿಯಾಪದಗಳ ಬಗ್ಗೆ ಒಂದು ಮಾತು. ‘ನಡೆಯುತ್ತಿದ್ದೆ, ಕಾಣುತ್ತಿತ್ತು, ಕೇಳುತ್ತಿತ್ತು’ ಎಂದು ಸಾಲುಗಟ್ಟಿದರೆ ದಿನಾ ನಡೆದ ಹಾಗಾಗುತ್ತದೆ. ಒಂದೇ ಸಂಜೆಯದಾದರೆ ‘ನಡೆದೆ, ಕಂಡಿತು, ಕೇಳಿತು’.

ಪೊಲೀಸ್ ಮರಾಠಿಯಲ್ಲೇ ಮಾತಾಡಲಿ, ಅನುವಾದಿಸಬೇಡ. ಆದರೆ ಲಿಪಿಯಲ್ಲಿ ಎಚ್ಚರ. ‘ಕುಠೇ ಚಾಲಲಾತ್, ತಾಯಿ?’ ಎಂದು ನೀನು ಬರೆದರೆ ನಮ್ಮವರು ಆತ ಅಮ್ಮ ಎಂದ ಅಂದುಕೊಳ್ಳುತ್ತಾರೆ. ಆತ ಅಂದದ್ದು ಅಕ್ಕ ಎಂದು. ‘ತಾಈ’ ಎಂದು ಬರೆದು, ‘ಅಕ್ಕ ಎಂದನಲ್ಲ, ಧೈರ್ಯ ಬಂತು’ ಎಂದು ಮುಂದಿನ ಸಾಲಿನಲ್ಲಿ ನಿಭಾಯಿಸು.

ಕೊನೆಯ ಪ್ಯಾರಾ, ಮನುಕುಲ ಕಲಿತ ಪಾಠದ್ದು, ಪೂರ್ತಿ ಹೊಡೆದುಹಾಕು. ಚಪ್ಪಲಿ ಬಾಗಿಲ ಹೊರಗೆ ಬಿಟ್ಟು, ಹಾಲಿನ ಪ್ಯಾಕೆಟ್ಟನ್ನು ಸೋಪಿನ ನೀರಲ್ಲಿ ತೊಳೆದು ಸಿಂಕಿನ ಪಕ್ಕ ಸೋರಲು ಇಟ್ಟೆಯಲ್ಲ, ಅಲ್ಲಿಗೆ ನಿಲ್ಲಿಸು. ತಿದ್ದಿದ ಪ್ರತಿಯನ್ನು ತಾರೀಕು ಹಾಕಿಯೇ ಕಳಿಸು.

ನಿನ್ನ ಅಕ್ಕ
ಮಾಟುಂಗಾ, ಮುಂಬೈ