ತಂತಿಗೆ ಚುಚ್ಚಿದ ಕಾರ್ಡುಗಳು

ರಾತ್ರಿ ಹನ್ನೊಂದೂವರೆ. ನಮ್ಮ ಕನ್ನಡ ಸಂಘದ ಯುಗಾದಿ ಸಂಚಿಕೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು, ಈ ಪುಟವೊಂದು ಖಾಲಿ.

ಮಗಳ ಶಾಲೆಯ ಪ್ರಾಜೆಕ್ಟಿಗೆಂದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಸೆಂಟರಿಗೆ, ಅಂದರೆ ಕಪ್ಪು ಜನರ ಚರಿತ್ರೆಯ ಲೈಬ್ರರಿಗೆ, ಹೋಗಿದ್ದೆವು. ಆರ್ಟುರೊ ಶಾಂಬರ್ಗ್ 1874ರಲ್ಲಿ ಪೋರ್ಟೊ ರಿಕೊದಲ್ಲಿ ಹುಟ್ಟಿದವರು. ಕಪ್ಪು ಜನಕ್ಕೆ ಚರಿತ್ರೆಯೇ ಇಲ್ಲ ಎಂದು ಶಾಲೆಯಲ್ಲಿ ಟೀಚರ್ ಹೇಳಿದ್ದರಂತೆ. 1891ರಲ್ಲಿ ನ್ಯೂಯಾರ್ಕಿಗೆ ಬಂದರು. ಮುಂದೆ ಬ್ಯಾಂಕಿನ ಟಪಾಲು ವಿಭಾಗದಲ್ಲಿ ಕೆಲಸ, ಬಿಡುವಾದಾಗೆಲ್ಲ ಹಳೇ ಪುಸ್ತಕ, ಕೈಬರಹ, ಚಿತ್ರಗಳ ಬೇಟೆ. 1926ರಲ್ಲಿ ಕಾರ್ನೆಗಿ ಸಂಸ್ಥೆ 10,000 ಡಾಲರ್ ಕೊಟ್ಟು ಆ ಸಂಗ್ರಹವನ್ನು ನ್ಯೂಯಾರ್ಕಿನ ಸಾರ್ವಜನಿಕ ಲೈಬ್ರರಿಗೆ ಕೊಡಿಸಿತು. ಕೈಗೆ ಬಂದ ದುಡ್ಡಲ್ಲಿ ಈ ಮನುಷ್ಯ ಸ್ಪೇನಿಗೆ ಹೊರಟರು, ಮತ್ತೆ ಹುಡುಕೋದಕ್ಕೆ! ಮನೆಯವರು ಏನಂದರೋ. ನಮ್ಮನೆಯಲ್ಲಿ ಹಳೇ ಕಾಗದದ ಒಂದು ಪೆಟ್ಟಿಗೆ ತಂದರೂ ಜಗಳ.

2013ರಲ್ಲಿ ಇದೇ ಸೆಂಟರು, ಹಿಂದೆ ಭಾರತಕ್ಕೆ ಬಂದು ಸೇನಾಪತಿಗಳೂ ದೊರೆಗಳೂ ಆದ ಆಫ್ರಿಕನ್ನರ ಬಗ್ಗೆ ಪ್ರದರ್ಶನ ಮಾಡಿತ್ತು. ನಾನು ಶಿರಸಿಯವಳು. ಆಫ್ರಿಕನ್ ಮೂಲದ ಯಲ್ಲಾಪುರದ ಸಿದ್ದಿಗಳನ್ನು ಸಂತೆಯಲ್ಲಿ ನೋಡುತ್ತಲೇ ಬೆಳೆದವಳು. ಇವರ ಹಿರಿಯರು ಎಲ್ಲಿಂದ, ಹೇಗೆ ಬಂದರು ಅಂತ ಒಮ್ಮೆಯೂ ಕೇಳಲಿಲ್ಲ.

ವಾಪಸ್ ಬರುವಾಗ ರೈಲಿನಲ್ಲಿ ಮಗಳು ಕೇಳಿದಳು, "ಅಮ್ಮಾ, ನಮ್ಮ ಸಂಘದ್ದೆಲ್ಲ ಯಾರು ಎತ್ತಿಟ್ಟಿದ್ದಾರೆ?"

ನನಗೆ ಅಜ್ಜನ ತಂತಿ ನೆನಪಾಯಿತು. ಜಗಲಿಯ ಕಂಬಕ್ಕೆ ಮೊಳೆ, ಮೊಳೆಗೆ ಕೊಕ್ಕೆ ತಂತಿ, ತಂತಿಗೆ ಚುಚ್ಚಿದ ಪೋಸ್ಟ್ ಕಾರ್ಡುಗಳು. ಮೂಲೆಗೆ ಅರಿಶಿನ ಹಚ್ಚಿದ್ದು ಮದುವೆಯದು. ಅಡಿಕೆ ಧಾರಣೆ, ಅತ್ತೆಯ ಬಾಣಂತನ, ದಾಯಾದಿಯ ಕೋರ್ಟ್ ತಕರಾರು, ಎಲ್ಲ ಅದರಲ್ಲೇ. ಮಧ್ಯದ ಕಾರ್ಡು ಬೇಕಾದರೆ ಮೇಲಿನವನ್ನೆಲ್ಲ ಒಂದೊಂದಾಗಿ ಬಿಡಿಸಬೇಕು. ಅಜ್ಜ ಬೇಜಾರಿಲ್ಲದೆ ಬಿಡಿಸುತ್ತಿದ್ದರು, ಹಾಗೇ ಪೋಣಿಸುತ್ತಿದ್ದರು. ಅಜ್ಜ ತೀರಿಕೊಂಡ ವರ್ಷ ಮನೆಗೆ ಸುಣ್ಣ ಹೊಡೆಸಿದರು. ತಂತಿಯ ಕಟ್ಟು ಬಚ್ಚಲೊಲೆಗೆ ಹೋಯಿತು. ಒಲೆಗೆ ಒಡ್ಡಿದವಳು ನಾನೇ. ನೀರು ಬೇಗ ಕಾಯಿತು ಅಂತ ಖುಷಿಪಟ್ಟಿದ್ದೆ.

ಸಂಘದ ಹಳೇ ಕಾಗದ ನಮ್ಮ ಬೇಸ್‌ಮೆಂಟಿನಲ್ಲಿದೆ. ಎರಡು ಪೆಟ್ಟಿಗೆ. ಒಂದಕ್ಕೆ ಹೋದ ಮಳೆಗಾಲ ನೀರು ಇಳಿಯಿತು. ಕೈಯಲ್ಲಿ ಬರೆದ ಮೊದಲ ಸಂಚಿಕೆಗಳು ಅಂಟಿಕೊಂಡು ಹಪ್ಪಳದ ಹಾಗಾಗಿವೆ.

ಜಾಗ ಮುಗೀತಾ ಬಂತು, ಬೇಗ ಹೇಳಿಬಿಡುತ್ತೇನೆ. ಯುಗಾದಿ ಊಟ ಭಾನುವಾರ ಮಧ್ಯಾಹ್ನ, ಮಾಮೂಲಿ ಹಾಲ್‌ನಲ್ಲೇ. ಕನ್ನಡ ಕಲಿ ತರಗತಿ ಆ ದಿನ ಇಲ್ಲ. ನಾಟಕದವರು ದಯವಿಟ್ಟು ಹನ್ನೊಂದಕ್ಕೇ ಬನ್ನಿ. ಸ್ಕ್ಯಾನರ್ ಇದ್ದವರು, ತಿಂಗಳಿಗೆ ಎರಡು ಗಂಟೆ ಕೊಡಬಲ್ಲವರು ನನಗೊಂದು ಫೋನ್ ಮಾಡಿ, ಒಬ್ಬಳ ಕೈಲಿ ಆಗ್ತಾ ಇಲ್ಲ. ಊರು ಬದಲಿಸುವವರು ಗ್ಯಾರೇಜ್ ಖಾಲಿ ಮಾಡುವ ಮುಂಚೆಯೂ ಫೋನ್ ಮಾಡಿ, ಸಂಘದ ಹಳೇ ಕಾಗದ ಇದ್ದೀತು. ಹಾಂ, ಬಿಸಿಬೇಳೆ ಬಾತಿಗೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ.